ಎರಡು ಪುಟ ಕತ್ತರಿಸಿ, ಐಡ್ಲಿಂಗ್ ಉಳಿಸಿಕೊಳ್ಳಿ

ನಮಸ್ಕಾರ. ಪಿಸ್ಟನ್ ಬದಲು ತ್ರಿಕೋನದ ರೋಟರ್ ತಿರುಗುವ ರೋಟರಿ ಎಂಜಿನ್ನಿನಲ್ಲಿ ಇಂಜೆಕ್ಟರ್ ಟೈಮಿಂಗ್, ಅಂದರೆ ಪೆಟ್ರೋಲ್ ಯಾವಾಗ ಚಿಮ್ಮಿಸಬೇಕು ಎನ್ನುವುದರ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ತಿದ್ದಿ ಕಳಿಸಿದರೆ ಖಂಡಿತ ನೋಡುತ್ತೇನೆ.

ಮೊದಲ ಎರಡು ಪುಟ ಪೂರ್ತಿ ಇತಿಹಾಸ: ಈ ಎಂಜಿನ್ ಕಂಡುಹಿಡಿದ ಫೆಲಿಕ್ಸ್ ವಾಂಕೆಲ್, 1967ರ ಮಜ್ದಾ ಕಾಸ್ಮೊ ಕಾರು, ಆಮೇಲಿನ ಆರ್‌ಎಕ್ಸ್-7. ಟೈಮಿಂಗ್ ಹೊಂದಿಸಲು ಕೂತವನಿಗೆ ಇದು ಬೇಡ. ತೆಗೆದುಬಿಡಿ.

ಮೂರನೇ ಪುಟದಲ್ಲಿ '720 ಡಿಗ್ರಿಗೆ ಒಂದು ಇಂಜೆಕ್ಷನ್' ಎಂದಿದ್ದೀರಿ. ಅದು ಫೋರ್ ಸ್ಟ್ರೋಕ್ ಪಿಸ್ಟನ್ ಎಂಜಿನ್ನಿನ ಲೆಕ್ಕ. ರೋಟರ್ ಒಂದು ಸುತ್ತು ಬರುವಷ್ಟರಲ್ಲಿ ಅದು ತಿರುಗಿಸುವ ಎಕ್ಸೆಂಟ್ರಿಕ್ ಶಾಫ್ಟ್ ಮೂರು ಸುತ್ತು ಮುಗಿಸಿರುತ್ತದೆ. ರೋಟರಿಗೆ ಮೂರು ಮುಖ. ಹಾಗಾಗಿ ಶಾಫ್ಟಿನ ಪ್ರತಿ ಸುತ್ತಿಗೂ ಒಂದು ಮುಖ ಗಾಳಿ ಎಳೆದುಕೊಳ್ಳುತ್ತದೆ, ಅಂದರೆ ಒಂದೊಂದು ರೋಟರಿಗೆ 360 ಡಿಗ್ರಿಗೊಮ್ಮೆ. ಇಲ್ಲಿ ಎಡವಿದರೆ ಮುಂದಿನ ಕೋಷ್ಟಕವೆಲ್ಲ ದಂಡ, ಅಲ್ವಾ?

ಇನ್ನು ನಿಮ್ಮ ಮುಖ್ಯ ವಾದ: ಟೈಮಿಂಗ್ ಸರಿಮಾಡಿದರೆ ಫುಲ್ ಥ್ರಾಟಲ್‌ನಲ್ಲಿ ಪವರ್ ಜಾಸ್ತಿ. ನಾನು ಒಪ್ಪುವುದಿಲ್ಲ. ನಿಮ್ಮದೇ ಅಂಕಿ ನೋಡಿ. 7500 ಆರ್‌ಪಿಎಂನಲ್ಲಿ ಒಂದು ಸುತ್ತಿಗೆ 8 ಮಿಲಿಸೆಕೆಂಡ್. ಇಂಜೆಕ್ಟರ್ 7 ಮಿಲಿಸೆಕೆಂಡ್ ತೆರೆದಿರುತ್ತದೆ ಎಂದು ನೀವೇ ಬರೆದಿದ್ದೀರಿ. ಸುತ್ತಿನುದ್ದಕ್ಕೂ ಪೆಟ್ರೋಲ್ ಬೀಳುತ್ತಲೇ ಇದ್ದರೆ ಹಿಂದೆ ಮುಂದೆ ಮಾಡಲು ಜಾಗ ಎಲ್ಲಿದೆ? ಅದೇ 750ರ ಐಡ್ಲಿಂಗಿನಲ್ಲಿ ಒಂದು ಸುತ್ತಿಗೆ 80 ಮಿಲಿಸೆಕೆಂಡ್. ಇಂಜೆಕ್ಟರ್ ತೆರೆಯುವುದು ಎರಡೂವರೆ. ಬರೀ 11 ಡಿಗ್ರಿ. ಆ 11 ಡಿಗ್ರಿಯನ್ನು ಎಲ್ಲಿಡುತ್ತೀರಿ ಎನ್ನುವುದರಲ್ಲೇ ಕೆಲಸವೆಲ್ಲ ಇರುವುದು.

ಅದನ್ನು ನೀವು ಮಾಡಿಯೂ ನೋಡಿದ್ದೀರಿ! ಕೊನೆಯ ಪುಟದಲ್ಲಿ, ಸುಮ್ನೆ ನಾಲ್ಕು ಸಾಲಿನಲ್ಲಿ. ಎಂಜಿನ್ ಬಿಸಿಯಾದ ಮೇಲೆ ಲ್ಯಾಂಬ್ಡಾ ಕರೆಕ್ಷನ್ (ಹೊಗೆಯಲ್ಲಿನ ಆಕ್ಸಿಜನ್ ನೋಡಿ ಪೆಟ್ರೋಲನ್ನು ತಾನಾಗಿ ಹೊಂದಿಸುವುದು) ಆಫ್ ಮಾಡಿ, ಪೆಟ್ರೋಲ್ ಅಷ್ಟೇ ಇಟ್ಟು, ಇಂಜೆಕ್ಷನ್ನಿನ ಕೋನವನ್ನು 20 ಡಿಗ್ರಿಯಂತೆ ಸರಿಸುತ್ತಾ ಹೋಗಿ, ವ್ಯಾಕ್ಯೂಮ್ ಗೇಜಿನ ಮುಳ್ಳು ಎಲ್ಲಿ ನಡುಗುವುದು ಬಿಟ್ಟು ಮೇಲೆ ನಿಂತಿತು ಎಂದು ಗುರುತು ಹಾಕಿದ್ದೀರಿ. ಲೇಖನ ಅಂದರೆ ಇದೇ. ಇಲ್ಲಿಂದಲೇ ಶುರು ಮಾಡಿ. ಮುಳ್ಳು ನಡುಗುವಾಗ ಎಂಜಿನ್ ಸದ್ದು ಹೇಗಿತ್ತು, ಅದನ್ನೂ ಬರೆಯಿರಿ.

ಅಲ್ಲೇ ಒಂದು ಸಾಲು ನನ್ನನ್ನು ತಡೆಯಿತು: 'ಮೀಟರ್ ಲೀನ್ ತೋರಿಸಿತು, ಪೆಟ್ರೋಲ್ ಹೆಚ್ಚಿಸಿದೆ.' ಲೀನ್ ಅಂದರೆ ಗಾಳಿಗೆ ಪೆಟ್ರೋಲ್ ಸಾಲದು ಎಂದರ್ಥ. ಹುಷಾರು. ಐಡ್ಲಿಂಗಿನಲ್ಲಿ ಹಳೆಯ ಹೊಗೆ ಹೊಸ ಗಾಳಿಗೆ ಬೆರೆತು ಮಿಸ್‌ಫೈರ್ ಆಗುವುದು ಇಂಥ ಎಂಜಿನ್ನಿನಲ್ಲಿ ಮಾಮೂಲು. ಆಗ ಉರಿಯದೆ ಉಳಿದ ಆಕ್ಸಿಜನ್ ಸೆನ್ಸರಿಗೆ ಬಡಿಯುತ್ತದೆ. ಪೆಟ್ರೋಲ್ ಸಾಕಷ್ಟಿದ್ದರೂ ಮೀಟರ್ ಲೀನ್ ಅನ್ನುತ್ತದೆ. ನೀವು ಇನ್ನಷ್ಟು ಸುರಿದರೆ ಪ್ಲಗ್ ಒದ್ದೆಯಾಗಿ ಮಿಸ್‌ಫೈರ್ ಹೆಚ್ಚುತ್ತದೆ, ಮೀಟರ್ ಇನ್ನೂ ಲೀನ್ ತೋರಿಸುತ್ತದೆ. ನಿಮ್ಮ ವಿಷಯದಲ್ಲಿ ಯಾವುದು ಆಯಿತು? ಪ್ಲಗ್ ಬಿಚ್ಚಿ ನೋಡಿದಿರಾ? ಓದುಗ ಕೇಳುವುದೂ ಇದನ್ನೇ.

ಯಾವ ಎಂಜಿನ್ ಎಂದು ಎಲ್ಲೂ ಹೇಳಿಲ್ಲ. ಆರ್‌ಎಕ್ಸ್-7ರ 13ಬಿ ಎಂಜಿನ್ನಿನಲ್ಲಿ ಹೊಗೆ ಹೊರಹೋಗುವ ಎಕ್ಸಾಸ್ಟ್ ಪೋರ್ಟ್ ರೋಟರ್ ಸುತ್ತಲಿನ ಹೌಸಿಂಗಿನಲ್ಲಿದೆ, ಓವರ್‌ಲ್ಯಾಪ್ ಇದೆ, ಅಂದರೆ ಗಾಳಿಯ ಪೋರ್ಟೂ ಹೊಗೆಯ ಪೋರ್ಟೂ ಸ್ವಲ್ಪ ಹೊತ್ತು ಒಟ್ಟಿಗೆ ತೆರೆದಿರುತ್ತವೆ. ಆರ್‌ಎಕ್ಸ್-8ರಲ್ಲಿ ಅದು ಪಕ್ಕದ ಗೋಡೆಗೆ ಬಂತು, ಓವರ್‌ಲ್ಯಾಪ್ ಹೋಯಿತು. ಒಂದರ ಅಂಕಿ ಇನ್ನೊಂದಕ್ಕೆ ಆಗಿಬರುವುದಿಲ್ಲ. ಹಾಗೆಯೇ ನಿಮ್ಮ ಕೋನ ಇಂಜೆಕ್ಟರ್ ತೆರೆಯುವ ಹೊತ್ತಿನದೋ ಮುಚ್ಚುವ ಹೊತ್ತಿನದೋ ತಿಳಿಸಿ. ಗೇಜ್ ನೋಡಿ ಬರೆದುಕೊಂಡ ಹಾಳೆ ಇದ್ದರೆ ಅದನ್ನೂ ಜೊತೆಗಿಡಿ, ಕೊಳೆಯಾಗಿದ್ದರೂ ಪರವಾಗಿಲ್ಲ.