ಕತ್ತಿನ ಮುಂಭಾಗದ ನೋವು: ಗಂಟಲಿನದೋ, ಥೈರಾಯ್ಡ್ ಗ್ರಂಥಿಯದೋ?

ಪ್ರಶ್ನೆ: ನನಗೆ 41 ವರ್ಷ. ಒಂದೂವರೆ ತಿಂಗಳ ಹಿಂದೆ ನೆಗಡಿ, ಜ್ವರ ಬಂದು ವಾಸಿಯಾಗಿತ್ತು. ಮೂರು ವಾರಗಳಿಂದ ಕತ್ತಿನ ಮುಂಭಾಗದಲ್ಲಿ ವಿಪರೀತ ನೋವು. ಮೊದಲು ಬಲಗಡೆ ಇದ್ದದ್ದು ಈಗ ಎಡಗಡೆಗೆ ಬಂದಿದೆ. ನುಂಗಿದರೆ ಕಿವಿಯವರೆಗೂ ಎಳೆಯುತ್ತದೆ. ಗಂಟಲಿನ ಸೋಂಕೆಂದು ಎರಡು ಬಾರಿ ಆಂಟಿಬಯಾಟಿಕ್ ತೆಗೆದುಕೊಂಡೆ, ಹಲ್ಲಿನ ಎಕ್ಸ್‌ರೇ ಕೂಡ ಆಯಿತು, ಗುಣ ಕಾಣಲಿಲ್ಲ. ಈಗ ಎದೆ ಬಡಿತ ಜೋರಾಗಿದೆ, ಕೈ ನಡುಗುತ್ತದೆ. ರಕ್ತಪರೀಕ್ಷೆಯಲ್ಲಿ ಟಿ.ಎಸ್.ಎಚ್. (ಥೈರಾಯ್ಡನ್ನು ಪ್ರಚೋದಿಸುವ ಹಾರ್ಮೋನ್) 0.02, ಇ.ಎಸ್.ಆರ್. (ಉರಿಯೂತದ ಸೂಚಕ) 88 ಬಂದಿದೆ. ಇದು ಕ್ಯಾನ್ಸರ್ ಇರಬಹುದೇ? ಥೈರಾಯ್ಡ್ ತಗ್ಗಿಸುವ ಮಾತ್ರೆಯನ್ನು ಜೀವನಪರ್ಯಂತ ನುಂಗಬೇಕೇ?

ಉತ್ತರ: ನೀವು ಬರೆದಿರುವ ವಿವರಗಳೆಲ್ಲ ಸಬ್‌ಅಕ್ಯೂಟ್ ಥೈರಾಯ್ಡಿಟಿಸ್ ಎಂಬ, ಥೈರಾಯ್ಡ್ ಗ್ರಂಥಿಯ ನೋವಿನ ಉರಿಯೂತದ ಕಡೆಗೆ ಬೊಟ್ಟು ಮಾಡುತ್ತವೆ. 1904ರಲ್ಲಿ ಇದನ್ನು ವಿವರವಾಗಿ ದಾಖಲಿಸಿದ ಸ್ವಿಟ್ಜರ್‌ಲೆಂಡಿನ ಶಸ್ತ್ರವೈದ್ಯ ಫ್ರಿಟ್ಜ್ ದ ಕೆರ್ವಾ ಅವರ ಹೆಸರಿನಿಂದಲೂ ಈ ಕಾಯಿಲೆಯನ್ನು ಗುರುತಿಸುತ್ತಾರೆ. ನಡುವಯಸ್ಸಿನ ಹೆಂಗಸರಲ್ಲಿ ಹೆಚ್ಚು. ವೈರಸ್‌ನಿಂದ ಬಂದ ನೆಗಡಿ-ಜ್ವರ ಇಳಿದ ಎರಡರಿಂದ ಎಂಟು ವಾರಗಳಲ್ಲಿ ಕಾಣಿಸಿಕೊಳ್ಳುವುದು ಇದರ ವಾಡಿಕೆ. ಆದರೂ ಕತ್ತನ್ನು ಮುಟ್ಟಿ ನೋಡದೆ ಕಾಗದದ ಮೇಲೆ ರೋಗನಿರ್ಣಯ ಮಾಡುವುದು ಸರಿಯಲ್ಲವಾದ್ದರಿಂದ, ನಿಮ್ಮ ವೈದ್ಯರೊಡನೆ ಮಾತನಾಡಲು ನೆರವಾಗುವಂತೆ ಕೆಲವು ಸಂಗತಿಗಳನ್ನು ವಿವರಿಸುತ್ತೇನೆ.

ಈ ಕಾಯಿಲೆ ತಡವಾಗಿ ಪತ್ತೆಯಾಗಲು ನಮ್ಮ ಮಾತೂ ಒಂದು ಕಾರಣ. ಬಾಯಿಯೊಳಗಿನ ನೋವಿಗೂ ಕತ್ತಿನ ಹೊರಗಿನ ನೋವಿಗೂ ನಾವು ‘ಗಂಟಲು ನೋವು’ ಎಂದೇ ಹೇಳುತ್ತೇವೆ. ಕೇಳಿದ ವೈದ್ಯರು ಬಾಯಿ ತೆರೆಸಿ, ಟಾರ್ಚ್ ಹಾಕಿ ನೋಡಿ, ತುಸು ಕೆಂಪು ಕಂಡರೆ ಔಷಧ ಬರೆಯುತ್ತಾರೆ. ಅದಕ್ಕೇ ನಾನು ರೋಗಿಗೆ ಮೊದಲು ಹೇಳುವುದು, ‘ನೋಯುವ ಜಾಗವನ್ನು ಒಂದೇ ಬೆರಳಿನಿಂದ ತೋರಿಸಿ’ ಎಂದು. ಗಂಟಲ ಗಂಟಿನ ಕೆಳಗೆ, ಶ್ವಾಸನಾಳದ ಪಕ್ಕಕ್ಕೆ ಬೆರಳು ಹೋದರೆ ಅರ್ಧ ದಾರಿ ಸಾಗಿದಂತೆ. ಅಲ್ಲಿ ಮೆಲ್ಲಗೆ ಕೈಯಿಟ್ಟಾಗ ಗಟ್ಟಿಯಾದ ಗ್ರಂಥಿ ಸಿಗುತ್ತದೆ, ರೋಗಿ ಮುಖ ಕಿವಿಚಿ ಹಿಂದೆ ಸರಿಯುತ್ತಾರೆ, ಗುಟುಕು ನುಂಗಲು ಹೇಳಿದರೆ ಆ ಗಟ್ಟಿ ಭಾಗ ಬೆರಳಿನ ಕೆಳಗೆ ಮೇಲಕ್ಕೆ ಸರಿದು ಇಳಿಯುತ್ತದೆ. ನೋವು ದವಡೆಗೂ ಕಿವಿಗೂ ಹರಡುವುದರಿಂದಲೇ ಅನೇಕರು ದಂತವೈದ್ಯರ ಬಳಿ ಹೋಗಿ ಬಂದಿರುತ್ತಾರೆ. ಒಂದು ಮಗ್ಗುಲಿನಿಂದ ಇನ್ನೊಂದಕ್ಕೆ ನೋವು ದಾಟುವುದಂತೂ ಈ ಕಾಯಿಲೆಯ ಬಲವಾದ ಗುರುತು.

ರಕ್ತಪರೀಕ್ಷೆಗಳಲ್ಲಿ ಇ.ಎಸ್.ಆರ್. ಮುಖ್ಯವಾದದ್ದು. ಸಾಮಾನ್ಯವಾಗಿ ಇದು ಗಂಟೆಗೆ 50 ಮಿಲಿಮೀಟರ್ ದಾಟುತ್ತದೆ, 100ರ ಹತ್ತಿರ ಹೋಗುವುದೂ ಉಂಟು. ಇದು ಸಹಜ ಮಟ್ಟದಲ್ಲಿದ್ದರೆ ನಾನು ಬೇರೆ ಕಾರಣ ಹುಡುಕಲು ತೊಡಗುತ್ತೇನೆ. ಉರಿಯೂತದ ಇನ್ನೊಂದು ಸೂಚಕವಾದ ಸಿ.ಆರ್.ಪಿ. ಕೂಡ ಏರುತ್ತದೆ. ರಕ್ತದಲ್ಲಿ ಥೈರಾಯ್ಡ್ ಹಾರ್ಮೋನ್ ಹೆಚ್ಚಾದಾಗ ಟಿ.ಎಸ್.ಎಚ್. ಇಳಿಯುತ್ತದೆ; ಆದರೆ ನಿಮ್ಮಲ್ಲಿ ಅದು ಇಳಿದಿರುವುದಕ್ಕೆ ಗ್ರಂಥಿ ಹೆಚ್ಚು ಕೆಲಸ ಮಾಡುತ್ತಿರುವುದು ಕಾರಣವಲ್ಲ. ಉರಿಯೂತದಿಂದ ಗ್ರಂಥಿಯ ಕೋಶಗಳು ಹಾನಿಗೊಂಡು, ಒಳಗೆ ಕೂಡಿಟ್ಟಿದ್ದ ಹಾರ್ಮೋನ್ ಒಮ್ಮೆಗೇ ರಕ್ತಕ್ಕೆ ಸೋರಿದೆ; ಎದೆ ಬಡಿತ, ನಡುಕಗಳು ಅದರ ಫಲ. ಹೊಸ ಹಾರ್ಮೋನ್ ತಯಾರಾಗುತ್ತಲೇ ಇಲ್ಲವಾದ್ದರಿಂದ, ತಯಾರಿಕೆಯನ್ನು ತಡೆಯುವ ಕಾರ್ಬಿಮಜೋಲ್‌ನಂಥ ಮಾತ್ರೆಯಿಂದ ಇಲ್ಲಿ ಪ್ರಯೋಜನವಿಲ್ಲ, ಅದರ ಅಡ್ಡಪರಿಣಾಮ ಮಾತ್ರ ಉಳಿಯುತ್ತದೆ. ಬಡಿತ ತಗ್ಗಿಸಲು ಪ್ರೊಪ್ರನೊಲಾಲ್, ನೋವಿಗೆ ಐಬುಪ್ರೊಫೆನ್‌ನಂಥ ಉರಿಯೂತ ನಿವಾರಕ, ಅದಕ್ಕೂ ಜಗ್ಗದಿದ್ದರೆ ಕೆಲವು ವಾರಗಳ ಮಟ್ಟಿಗೆ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಕೊಡುವುದು ಪದ್ಧತಿ; ಆಸ್ತಮಾ, ಹೊಟ್ಟೆಹುಣ್ಣು, ಸಕ್ಕರೆ ಕಾಯಿಲೆ ಇದ್ದರೆ ಮೊದಲೇ ತಿಳಿಸಿ.

ಇದೇ ರೀತಿ ನೋಯುವ ಬೇರೆ ಕಾಯಿಲೆಗಳನ್ನೂ ವೈದ್ಯರು ನೆನಪಿನಲ್ಲಿಟ್ಟುಕೊಳ್ಳಬೇಕಾಗುತ್ತದೆ. ಬ್ಯಾಕ್ಟೀರಿಯಾದಿಂದ ಗ್ರಂಥಿಯಲ್ಲಿ ಕೀವು ತುಂಬಿದಾಗ ಜ್ವರ ಜೋರಾಗಿರುತ್ತದೆ, ಮೇಲಿನ ಚರ್ಮ ಕೆಂಪೇರುತ್ತದೆ, ಬಿಳಿ ರಕ್ತಕಣಗಳು ಬಹಳ ಹೆಚ್ಚುತ್ತವೆ, ಆದರೆ ಹಾರ್ಮೋನ್ ಮಟ್ಟ ಹೆಚ್ಚಾಗಿ ಸಹಜವಾಗಿಯೇ ಇರುತ್ತದೆ; ಅದು ತುರ್ತಾಗಿ ಆಸ್ಪತ್ರೆ ಸೇರಬೇಕಾದ ಸ್ಥಿತಿ. ಮೊದಲೇ ಇದ್ದ ಗಂಟಿನೊಳಗೆ ರಕ್ತಸ್ರಾವವಾದರೆ ನೋವು ನಿಮಿಷಗಳಲ್ಲಿ ಹಠಾತ್ತನೆ ಶುರುವಾಗುತ್ತದೆ. ಥೈರಾಯ್ಡ್ ಕ್ಯಾನ್ಸರ್ ಸಾಮಾನ್ಯವಾಗಿ ನೋಯುವುದಿಲ್ಲ, ವೇಗವಾಗಿ ಬೆಳೆಯುವ ಅಪರೂಪದ ಬಗೆಯಲ್ಲಿ ಮಾತ್ರ ನೋವು ಬರಬಹುದು. ಅಲ್ಟ್ರಾಸೌಂಡ್ ಸ್ಕ್ಯಾನ್‌ನಲ್ಲಿ ನಿಮ್ಮ ಕಾಯಿಲೆ ಅಂಚು ಅಸ್ಪಷ್ಟವಾದ ಕಪ್ಪು ತೇಪೆಗಳಂತೆ, ರಕ್ತದ ಹರಿವು ಕಡಿಮೆಯಾದಂತೆ ಕಾಣುತ್ತದೆ. ಹೀಗೆ ಎಲ್ಲವೂ ಹೊಂದಿಕೊಂಡರೆ ಸೂಜಿ ಚುಚ್ಚಿ ಕೋಶಗಳನ್ನು ತೆಗೆಯುವ ಅಗತ್ಯ ಬೀಳುವುದು ಅಪರೂಪ. ನೋವು ತಗ್ಗಿದ ಮೇಲೂ ಗಂಟು ಉಳಿದರೆ ಮಾತ್ರ ಮತ್ತೆ ಸ್ಕ್ಯಾನ್ ಮಾಡಿಸಲೇಬೇಕು.

ಪ್ರಶ್ನೆ: ಕತ್ತು ನೋವಿನ ಜೊತೆಗೆ ಥೈರಾಯ್ಡ್ ಹಾರ್ಮೋನ್ ಹೆಚ್ಚಾಗಿದೆ ಎಂದು ವಿಕಿರಣಶೀಲ ಅಯೋಡಿನ್ ಪರೀಕ್ಷೆ ಬರೆದುಕೊಟ್ಟಿದ್ದಾರೆ. ನಾನು ಐದು ತಿಂಗಳ ಮಗುವಿಗೆ ಹಾಲುಣಿಸುತ್ತಿದ್ದೇನೆ. ಮಾಡಿಸಬಹುದೇ?

ಉತ್ತರ: ಹಾಲುಣಿಸುತ್ತಿರುವ ವಿಷಯವನ್ನು ಇಂದೇ ವೈದ್ಯರಿಗೆ ಹೇಳಿ. ಗ್ರಂಥಿ ಅಯೋಡಿನ್ನನ್ನು ಎಷ್ಟು ಹೀರುತ್ತದೆ ಎಂದು ಅಳೆಯುವ ಈ ಪರೀಕ್ಷೆ ನಿಜಕ್ಕೂ ಉಪಯುಕ್ತ: ಗ್ರಂಥಿ ಅತಿಯಾಗಿ ಕೆಲಸ ಮಾಡುವ ಗ್ರೇವ್ಸ್ ಕಾಯಿಲೆಯಲ್ಲಿ ಹೀರಿಕೆ ಹೆಚ್ಚಿರುತ್ತದೆ, ಉರಿಯೂತದಲ್ಲಿ ಶೇ. 5ಕ್ಕಿಂತಲೂ ಕೆಳಗಿಳಿಯುತ್ತದೆ. ಆದರೆ ಆ ಅಯೋಡಿನ್ ಎದೆಹಾಲಿಗೆ ಸೇರಿ ಮಗುವಿನ ಗ್ರಂಥಿಯನ್ನು ತಲುಪುತ್ತದೆ. ನಿಮ್ಮಂಥವರಲ್ಲಿ ರಕ್ತದ ಹರಿವು ತೋರಿಸುವ ಡಾಪ್ಲರ್ ಸ್ಕ್ಯಾನ್, ಗ್ರೇವ್ಸ್ ಪತ್ತೆಗೆ ನೆರವಾಗುವ ಟಿ.ಎಸ್.ಎಚ್. ರಿಸೆಪ್ಟರ್ ಆ್ಯಂಟಿಬಾಡಿ ರಕ್ತಪರೀಕ್ಷೆ, ಇ.ಎಸ್.ಆರ್. ಇವುಗಳಿಂದಲೇ ಬಹುಪಾಲು ಉತ್ತರ ಸಿಗುತ್ತದೆ. ಹೆರಿಗೆಯ ನಂತರವೂ ಗ್ರಂಥಿಯ ಉರಿಯೂತ ಬರುವುದುಂಟು, ಆದರೆ ಅದು ನೋಯುವುದಿಲ್ಲ. ಕೂದಲು, ಉಗುರಿಗೆಂದು ಬಯೋಟಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಿ. ಕೆಲವು ಪ್ರಯೋಗಾಲಯ ವಿಧಾನಗಳಲ್ಲಿ ಅದು ಟಿ.ಎಸ್.ಎಚ್. ಅನ್ನು ಸುಳ್ಳೇ ಕಡಿಮೆ ತೋರಿಸುವುದರಿಂದ, ರಕ್ತ ಕೊಡುವ ಮುನ್ನ ಕನಿಷ್ಠ ಎರಡು ದಿನ ನಿಲ್ಲಿಸಬೇಕು.

ಪ್ರಶ್ನೆ: ಪ್ರೆಡ್ನಿಸೊಲೋನ್ ಶುರುವಾದ ಮರುದಿನವೇ ನೋವು ಮಾಯವಾಯಿತು. ಇನ್ನೂ ಮಾತ್ರೆ, ಪರೀಕ್ಷೆ ಬೇಕೇ?

ಉತ್ತರ: ಒಂದೆರಡು ದಿನದಲ್ಲಿ ನೋವು ಕರಗಿದ್ದು ರೋಗನಿರ್ಣಯ ಸರಿಯೆಂಬುದಕ್ಕೆ ಪುಷ್ಟಿ; ಕರಗದಿದ್ದರೆ ನಿರ್ಣಯವನ್ನೇ ಮರುಪರಿಶೀಲಿಸುತ್ತೇವೆ. ಆದರೆ ಮಾತ್ರೆಯನ್ನು ತಟ್ಟನೆ ಬಿಡಬೇಡಿ, ನೋವು ಮರುಕಳಿಸುತ್ತದೆ. ವೈದ್ಯರು ಹೇಳಿದಂತೆ ವಾರವಾರವೂ ಇಳಿಸುತ್ತ ಬನ್ನಿ. ಕೂಡಿಟ್ಟ ಹಾರ್ಮೋನ್ ಮುಗಿದ ಮೇಲೆ ಹಲವರಲ್ಲಿ ಕೆಲವು ತಿಂಗಳು ಹಾರ್ಮೋನ್ ಕೊರತೆ ಕಾಣಿಸಿಕೊಂಡು, ಸುಸ್ತು, ಚಳಿ, ಮಲಬದ್ಧತೆ ಬರುತ್ತವೆ. ಹೆಚ್ಚಿನವರಲ್ಲಿ ಗ್ರಂಥಿ ಚೇತರಿಸಿಕೊಳ್ಳುತ್ತದೆ, ಕೆಲವರಲ್ಲಿ ಮಾತ್ರ ಕೊರತೆ ಶಾಶ್ವತವಾಗಿ ಉಳಿಯುತ್ತದೆ. ಹಾಗಾಗಿ ಟಿ.ಎಸ್.ಎಚ್. ಮತ್ತು ಥೈರಾಯ್ಡ್ ಹಾರ್ಮೋನಾದ ಟಿ4 ಎರಡನ್ನೂ ನಾಲ್ಕರಿಂದ ಎಂಟು ವಾರಗಳಿಗೊಮ್ಮೆ, ಸಹಜಕ್ಕೆ ಬಂದು ನಿಲ್ಲುವವರೆಗೆ, ಮಾಡಿಸುತ್ತಿರಿ.