ಎಲೆ ಉದುರುವ ಕಾಲದಲ್ಲಿ ಚಳಿ ಶುರುವಾದರೂ ನಾಯಿಗೆ ಉಣ್ಣಿ ಹತ್ತುವುದೇಕೆ?

ಚಳಿಗೆ ಉಣ್ಣಿಗಳೆಲ್ಲ ಸಾಯುವುದಿಲ್ಲ. ಕರಿಗಾಲಿನ ಉಣ್ಣಿಯಂಥ ಜಾತಿಗಳು ಶರತ್ಕಾಲದಲ್ಲೇ ಪ್ರೌಢವಾಗಿ ರಕ್ತಕ್ಕೆ ಹುಡುಕಾಡುತ್ತವೆ; ತಾಪಮಾನ ಸುಮಾರು 4 ಡಿಗ್ರಿ ಸೆಲ್ಸಿಯಸ್ ದಾಟಿದರೆ ಸಾಕು. ಅವಕ್ಕೆ ಚಳಿಗಿಂತ ಒಣಹವೆಯೇ ದೊಡ್ಡ ಶತ್ರು. ಉದುರಿದ ಎಲೆಗಳ ರಾಶಿ ತೇವ ಹಿಡಿದಿಡುವುದರಿಂದ, ಮಕ್ಕಳೂ ನಾಯಿಯೂ ಹಾರಿ ಕುಣಿಯುವ ಜಾಗದಲ್ಲೇ ಅವು ಕಾದಿರುತ್ತವೆ.

ಹಾಗೆಂದು ಆಟ ನಿಲ್ಲಿಸಬೇಕಿಲ್ಲ. ಮನೆಗೆ ಬಂದ ಕೂಡಲೇ ನಾಯಿಯ ಕಿವಿ, ಕೊರಳಪಟ್ಟಿಯ ಅಡಿ, ಕಂಕುಳು, ಬೆರಳಸಂದುಗಳನ್ನು ತಡವಿ ನೋಡಿ. ಉಣ್ಣಿ ಕಚ್ಚಿಕೊಂಡಿದ್ದರೆ ಚೂಪುತುದಿಯ ಚಿಮಟದಿಂದ ಚರ್ಮಕ್ಕೆ ಅಂಟಿದಂತೆ ಹಿಡಿದು, ತಿರುಚದೆ, ನೇರವಾಗಿ ಎಳೆಯಿರಿ. ಎಣ್ಣೆ, ಬೆಂಕಿಕಡ್ಡಿಯ ಪ್ರಯೋಗ ಬೇಡವೇ ಬೇಡ. ಈ ಉಣ್ಣಿಗಳು ಹರಡುವ ಲೈಮ್ ಎಂಬ ಕಾಯಿಲೆಯ ರೋಗಾಣು ಮೈಗೆ ದಾಟಲು ಸಾಮಾನ್ಯವಾಗಿ 24 ಗಂಟೆಗೂ ಹೆಚ್ಚು ಬೇಕು, ಆದ್ದರಿಂದ ಅದೇ ದಿನ ಕಿತ್ತರೆ ಅಪಾಯ ಬಹಳ ಕಡಿಮೆ. ಪಶುವೈದ್ಯರು ಕೊಟ್ಟ ಉಣ್ಣಿ ಔಷಧಿಯನ್ನು ಬೇಸಿಗೆ ಮುಗಿಯಿತೆಂದು ನಿಲ್ಲಿಸಬೇಡಿ.