ಫೋಕಸ್ ಮುಖದ ಮೇಲಿದ್ದರೂ ಮುಖ ಯಾಕೆ ಕಪ್ಪು?

ಪ್ರಶ್ನೆ: ಚಿತ್ರದುರ್ಗದ ಕೋಟೆಯಲ್ಲಿ ಮಗಳಿಗೆ ಓಬವ್ವನ ವೇಷ ಹಾಕಿಸಿ, ಒನಕೆ ಓಬವ್ವನ ಕಿಂಡಿ ಹತ್ತಿರ ಫೋಟೊ ತೆಗೆದೆ. ಅವಳು ಬಂಡೆಯ ನೆರಳಲ್ಲಿ ನಿಂತಿದ್ದಳು, ಹಿಂದೆ ಬೆಳ್ಳಗಿನ ಆಕಾಶ. ಫೋಕಸ್ ಪಾಯಿಂಟ್ ಮುಖದ ಮೇಲೇ ಇತ್ತು. ಕಣ್ಣಿನ ರೆಪ್ಪೆ ಕೂಡ ಸ್ಪಷ್ಟವಾಗಿದೆ, ಆದರೆ ಮುಖ ಕಪ್ಪು. ಸ್ನೇಹಿತರು ಹೇಳಿದರು ಅಂತ ಸ್ಪಾಟ್ ಮೀಟರಿಂಗ್ (ಫ್ರೇಮಿನ ಒಂದು ಸಣ್ಣ ಜಾಗದ ಬೆಳಕನ್ನು ಮಾತ್ರ ಅಳೆಯುವ ವಿಧಾನ) ಹಾಕಿ, ಮುಖದ ಮೇಲೆ ಬಟನ್ ಅರ್ಧ ಒತ್ತಿ, ಫ್ರೇಮ್ ಸ್ವಲ್ಪ ಸರಿಸಿ ತೆಗೆದೆ. ಆಗ ಇನ್ನೂ ಕಪ್ಪಾಯಿತು! ಫೋಕಸ್ ಮಾಡಿದ ಜಾಗಕ್ಕೇ ಕ್ಯಾಮೆರಾ ಬೆಳಕನ್ನೂ ಹೊಂದಿಸಬೇಕಲ್ವಾ? — ಓದುಗರು, ಚಿತ್ರದುರ್ಗ

ಉತ್ತರ: ಹಾಗೇ ಆಗಬೇಕು ಅಂತ ಎಲ್ಲರಿಗೂ ಅನಿಸುತ್ತದೆ. ಆದರೆ ಫೋಕಸ್ ಮಾಡುವುದು ಒಂದು ಕೆಲಸ, ಬೆಳಕು ಅಳೆಯುವುದು ಇನ್ನೊಂದು. ಎರಡಕ್ಕೂ ಮಾತುಕತೆ ಇದೆ, ಆದರೆ ಒಂದು ಹೇಳಿದ್ದನ್ನೆಲ್ಲ ಇನ್ನೊಂದು ಕೇಳುವುದಿಲ್ಲ.

ಆಟೊಫೋಕಸ್ ಹುಡುಕುವುದು ಗೆರೆ, ಅಂಚು, ಕಪ್ಪು-ಬಿಳುಪಿನ ವ್ಯತ್ಯಾಸ. ಲೆನ್ಸಿನ ಒಂದು ಬದಿಯಿಂದ ಬಂದ ಬಿಂಬವನ್ನು ಇನ್ನೊಂದು ಬದಿಯಿಂದ ಬಂದ ಬಿಂಬದ ಜೊತೆ ಹೋಲಿಸಿ, ಎರಡೂ ಎಷ್ಟು ಸರಿದಿವೆ ಎಂದು ನೋಡುತ್ತದೆ. ಲೆನ್ಸನ್ನು ಯಾವ ಕಡೆಗೆ, ಎಷ್ಟು ತಿರುಗಿಸಬೇಕು ಅನ್ನುವುದು ಅದರಿಂದಲೇ ಗೊತ್ತಾಗುತ್ತದೆ. ಮಗಳ ರೆಪ್ಪೆ, ಹುಬ್ಬು, ಕುಂಕುಮದ ಅಂಚು, ಇಷ್ಟು ಸಿಕ್ಕರೆ ಅದಕ್ಕೆ ಸಾಕು. ಮುಖ ಫೋಟೊದಲ್ಲಿ ಬೆಳ್ಳಗೆ ಬರುತ್ತದೋ ಕಪ್ಪಗೆ ಬರುತ್ತದೋ ಅದು ನೋಡುವುದಿಲ್ಲ.

ಮೀಟರ್ ನೋಡುವುದು ಎಷ್ಟು ಬೆಳಕು ಬರುತ್ತಿದೆ ಅಂತ. ಎದುರಿಗಿರುವುದು ಸುಣ್ಣದ ಗೋಡೆಯೋ ಕರೀ ಕಂಬಳಿಯೋ ಎಂದು ಬರೀ ಬೆಳಕಿನಿಂದ ಗೊತ್ತಾಗುವುದಿಲ್ಲ. ಅದಕ್ಕೇ ಎಲ್ಲವನ್ನೂ ನಡುಮಟ್ಟದ ಬೂದುಬಣ್ಣ ಎಂದುಕೊಂಡು ಲೆಕ್ಕ ಹಾಕುತ್ತದೆ. ಬಿದ್ದ ಬೆಳಕಿನಲ್ಲಿ ಸುಮಾರು 18% ವಾಪಸ್ ಕೊಡುವ ಬಣ್ಣ ಅದು. ಫ್ರೇಮಿನ ತುಂಬ ಆಕಾಶವಿದ್ದರೆ ಆಕಾಶವನ್ನೇ ಬೂದು ಮಾಡಲು ಹೋಗುತ್ತದೆ. ಆಗ ನೆರಳಲ್ಲಿರುವ ಮುಖ ಕಪ್ಪಾಗಲೇಬೇಕು.

ಈ ತೊಂದರೆ ಕಡಿಮೆ ಮಾಡಲು ಬಂದದ್ದೇ ಮ್ಯಾಟ್ರಿಕ್ಸ್ ಮೀಟರಿಂಗ್. 1983ರ ನಿಕಾನ್ ಎಫ್‌ಎ ಕ್ಯಾಮೆರಾ ಫ್ರೇಮನ್ನು ಐದು ಭಾಗ ಮಾಡಿ ಪ್ರತಿ ಭಾಗದ ಬೆಳಕನ್ನು ಬೇರೆ ಬೇರೆ ಅಳೆಯಿತು. ಆದರೆ ಅದರಲ್ಲಿ ಆಟೊಫೋಕಸ್ ಇರಲಿಲ್ಲ. ಫೋಟೊದಲ್ಲಿ ಮುಖ್ಯವಾದದ್ದು ಯಾವ ಭಾಗದಲ್ಲಿದೆ ಎಂದು ಅದಕ್ಕೆ ಹೇಳುವವರೇ ಇಲ್ಲ. 1985ರಲ್ಲಿ ಮಿನೋಲ್ಟಾ 7000 ಬಂದ ಮೇಲೆ ಕ್ಯಾಮೆರಾದೊಳಗೇ ಆಟೊಫೋಕಸ್ ಇರುವುದು ಮಾಮೂಲಿಯಾಯಿತು. ಮುಂದೆ ಫೋಕಸ್ ಪಾಯಿಂಟ್ ಎಲ್ಲಿದೆ ಎಂಬ ಮಾಹಿತಿ ಮೀಟರಿಗೂ ಸಿಗತೊಡಗಿತು. ಈಗ ಮುಖ ಗುರುತಿಸಿದ ಸುದ್ದಿಯೂ ಹೋಗುತ್ತದೆ.

ಆದರೆ ಹೋಗುವುದು ಸುದ್ದಿ ಮಾತ್ರ, ಆಜ್ಞೆಯಲ್ಲ. ಮನೆಯಲ್ಲಿ ಹಿರಿಯರ ಮಾತಿಗೆ ತೂಕ ಜಾಸ್ತಿ ಇದ್ದರೂ ಉಳಿದವರ ಮಾತೂ ಲೆಕ್ಕಕ್ಕೆ ಬರುವ ಹಾಗೆ, ಫೋಕಸ್ ಪಾಯಿಂಟಿಗೆ ಹೆಚ್ಚು ತೂಕ ಕೊಟ್ಟು ಆಕಾಶವನ್ನೂ ಕ್ಯಾಮೆರಾ ಸೇರಿಸಿಕೊಳ್ಳುತ್ತದೆ. ಕಿಂಡಿಯ ನೆರಳಿಗೂ ಹಿಂದಿನ ಆಕಾಶಕ್ಕೂ ನಾಲ್ಕೈದು ಸ್ಟಾಪ್ ಅಂತರ ಸುಲಭವಾಗಿ ಬರುತ್ತದೆ. ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು. ಹಾಗಾಗಿ ಐದು ಸ್ಟಾಪ್ ಅಂದರೆ 32 ಪಟ್ಟು. ಅಷ್ಟು ಅಂತರವನ್ನು ಬರೀ ತೂಕದಿಂದ ಸರಿದೂಗಿಸಲು ಆಗುವುದಿಲ್ಲ.

ಸ್ಪಾಟ್ ಹಾಕಿದರೂ ಯಾಕೆ ಕೆಟ್ಟಿತು? ಇಲ್ಲಿ ಎರಡು ವಿಷಯ ಇವೆ, ಕ್ಯಾಮೆರಾ ಕೊಡುವಾಗ ಅಂಗಡಿಯವರು ಸಾಮಾನ್ಯವಾಗಿ ಹೇಳಿರುವುದಿಲ್ಲ. ನಿಕಾನ್‌ನಲ್ಲಿ ಸ್ಪಾಟ್ ನೀವು ಆರಿಸಿದ ಫೋಕಸ್ ಪಾಯಿಂಟಿನ ಜೊತೆ ಓಡಾಡುತ್ತದೆ. ಕ್ಯಾನನ್‌ನ ಹಲವು ಮಾಡೆಲ್‌ಗಳಲ್ಲಿ ಪಾಯಿಂಟ್ ಎಲ್ಲೇ ಇರಲಿ, ಸ್ಪಾಟ್ ನಡುವಿನಲ್ಲೇ ಇರುತ್ತದೆ. ಎರಡನೆಯದು, ಬಟನ್ ಅರ್ಧ ಒತ್ತಿದರೆ ಫೋಕಸ್ ಲಾಕ್ ಆಗುತ್ತದೆ, ಆದರೆ ಬೆಳಕಿನ ಲೆಕ್ಕವೂ ಲಾಕ್ ಆಯಿತು ಅಂತ ಅಲ್ಲ. ನೀವು ಫ್ರೇಮ್ ಸರಿಸಿದಾಗ ಸ್ಪಾಟ್ ಹೋಗಿ ಆಕಾಶದ ಮೇಲೆ ಕೂತಿದೆ. ಕ್ಯಾಮೆರಾ ಹೊಸದಾಗಿ ಆಕಾಶವನ್ನು ಅಳೆದಿದೆ. ಫೋಕಸ್ ಮಾತ್ರ ಮುಖದ ಮೇಲೇ ಉಳಿದಿದೆ.

ಸ್ಪಾಟೇ ಬೇಕು ಅಂದರೆ ಮುಖವನ್ನು ಅಳೆದು, ಹೆಬ್ಬೆರಳಿಗೆ ಸಿಗುವ ಎಇ-ಎಲ್ ಬಟನ್ ಅಥವಾ ನಕ್ಷತ್ರದ ಗುರುತಿನ ಬಟನ್ ಒತ್ತಿ ಬೆಳಕನ್ನು ಲಾಕ್ ಮಾಡಿ. ಆಮೇಲೆ ಫ್ರೇಮ್ ಸರಿಸಿ. ಮುಖ ಅಳೆದಾಗ ಒಂದು ಸ್ಟಾಪ್ ಜಾಸ್ತಿ ಕೊಡಿ ಎಂದು ಬರೆದಿರುವುದನ್ನು ಎಲ್ಲಾದರೂ ಓದಿರಬಹುದು. ಅದು ಬಿಳಿ ಚರ್ಮದವರ ಲೆಕ್ಕ. ನಮ್ಮಲ್ಲಿ ಬಹಳ ಜನರ ಮೈಬಣ್ಣ ಆ ನಡುಮಟ್ಟಕ್ಕೇ ಹತ್ತಿರ ಇದೆ, ಅಷ್ಟು ಬೇಡ.

ನನ್ನನ್ನು ಕೇಳಿದರೆ ಮ್ಯಾಟ್ರಿಕ್ಸನ್ನೇ ಇಟ್ಟುಕೊಳ್ಳಿ. ಎಕ್ಸ್‌ಪೋಷರ್ ಕಾಂಪೆನ್ಸೇಷನ್ (ಮೀಟರ್ ಹೇಳಿದ್ದಕ್ಕಿಂತ ಎಷ್ಟು ಸ್ಟಾಪ್ ಜಾಸ್ತಿ ಅಥವಾ ಕಡಿಮೆ ಎಂದು ಹೇಳುವ ಸೆಟ್ಟಿಂಗ್) +1 ಅಥವಾ +1.7 ಮಾಡಿ, ಮುಖ ನೋಡಿ ನಿಲ್ಲಿಸಿ. ಆಕಾಶ ಬೆಳ್ಳಗಾಗುತ್ತದೆ, ಆಗಲಿ ಬಿಡಿ. ಅದಕ್ಕಿಂತ ಒಳ್ಳೆಯದು ನೀವು ಎರಡು ಹೆಜ್ಜೆ ಪಕ್ಕಕ್ಕೆ ಸರಿದು, ಮಗಳ ಹಿಂದೆ ಆಕಾಶದ ಬದಲು ಬಂಡೆ ಬರುವಂತೆ ನೋಡಿಕೊಳ್ಳುವುದು. ದುರ್ಗದಲ್ಲಿ ಬಂಡೆಗೆ ಬರವೇ? ಜೊತೆಯಲ್ಲಿ ಯಾರಾದರೂ ಇದ್ದರೆ ಒಂದು ಬಿಳಿ ಥರ್ಮಾಕೋಲ್ ಶೀಟ್ ಹಿಡಿಸಿ, ಬಿಸಿಲನ್ನು ಮುಖದ ಕಡೆ ತಿರುಗಿಸಿ. ಕಣ್ಣಿನಲ್ಲಿ ಹೊಳಪೂ ಬರುತ್ತದೆ.

ನಿಮ್ಮದು ಮಿರರ್‌ಲೆಸ್, ಅಂದರೆ ಒಳಗೆ ಕನ್ನಡಿ ಇಲ್ಲದ ಕ್ಯಾಮೆರಾ ಆಗಿದ್ದರೆ ಇನ್ನೊಂದು ಮಾತು. ಕನ್ನಡಿ ಇರುವ ಡಿಎಸ್‌ಎಲ್‌ಆರ್‌ನಲ್ಲಿ ಫೋಕಸ್ ನೋಡುವ ಸೆನ್ಸರ್ ಕನ್ನಡಿಯ ಕೆಳಗೆ, ಬೆಳಕು ಅಳೆಯುವುದು ಮೇಲೆ ವ್ಯೂಫೈಂಡರ್ ಹತ್ತಿರ. ಮಿರರ್‌ಲೆಸ್‌ನಲ್ಲಿ ಎರಡು ಕೆಲಸವನ್ನೂ ಒಂದೇ ಸೆನ್ಸರ್ ಮಾಡುತ್ತದೆ. ಮುಖ ತೀರಾ ಕಪ್ಪಾದರೆ ಅದು ಮುಖ ಎಂದೇ ಗುರುತು ಸಿಗದೆ, ಫೋಕಸ್ ಹಿಂದಿನ ಬಂಡೆಗೆ ಹೋಗಬಹುದು. ಮೊದಲು ಬೆಳಕು ಸರಿಮಾಡಿ, ಫೋಕಸ್ ತಾನಾಗಿ ಮುಖಕ್ಕೆ ಬರುವ ಸಾಧ್ಯತೆ ಜಾಸ್ತಿ.

ಪ್ರಶ್ನೆ: ಕುಂದವಾಡ ಕೆರೆಯಲ್ಲಿ ಹಾರುವ ಬೆಳ್ಳಕ್ಕಿ ತೆಗೆಯುತ್ತೇನೆ. ಫೋಕಸ್ ಹಕ್ಕಿಯನ್ನು ಬಿಡದೆ ಹಿಂಬಾಲಿಸುತ್ತದೆ. ಆದರೆ ಆಕಾಶದ ಎದುರು ಹಕ್ಕಿ ಬೂದು, ಮರಗಳ ಎದುರು ಬಂದರೆ ಪೂರ್ತಿ ಬಿಳಿ, ಗರಿಯೇ ಕಾಣುವುದಿಲ್ಲ. — ಓದುಗರು, ದಾವಣಗೆರೆ

ಉತ್ತರ: ಹಿಂದಿನ ದೃಶ್ಯ ಬದಲಾದ ಹಾಗೆಲ್ಲ ಮೀಟರ್ ಹೊಸ ಲೆಕ್ಕ ಹಾಕುತ್ತಿದೆ. ಹಕ್ಕಿಯ ಮೇಲೆ ಬೀಳುವ ಬಿಸಿಲು ಮಾತ್ರ ಅಷ್ಟೇ ಇದೆ. ಹಾಗಾಗಿ ಇಲ್ಲಿ ಮೀಟರನ್ನು ಬಿಟ್ಟುಬಿಡಿ, ಫೋಕಸ್ ಆಟೊದಲ್ಲೇ ಇರಲಿ. ಎಕ್ಸ್‌ಪೋಷರ್ ಮ್ಯಾನುಯಲ್ ಹಾಕಿ, ಆಟೊ ಐಎಸ್‌ಒ ಆಫ್ ಮಾಡಿ (ಕ್ಯಾಮೆರಾ ಬೆಳಕಿಗೆ ಎಷ್ಟು ಸ್ಪಂದಿಸಬೇಕು ಎಂಬ ಅಂಕಿ ಐಎಸ್‌ಒ). ಶಟರ್ 1/2000 ಸೆಕೆಂಡ್ ಇಟ್ಟು, ದಡದಲ್ಲಿ ಬಿಸಿಲಿಗೆ ನಿಂತ ಬೆಳ್ಳಕ್ಕಿಯ ಮೇಲೆ ಒಂದೆರಡು ಫೋಟೊ ತೆಗೆದು ನೋಡಿ. ಕ್ಯಾಮೆರಾದ ಪರದೆಯಲ್ಲಿ ಬಿಳಿ ಗರಿಯ ಮೇಲೆ ಓವರ್ ಎಕ್ಸ್‌ಪೋಷರಿನ (ಬೆಳಕು ಅತಿಯಾದ) ಎಚ್ಚರಿಕೆಯ ಮಿನುಗು ಕಂಡರೆ, ಅದು ಹೋಗುವವರೆಗೆ ಐಎಸ್‌ಒ ಇಳಿಸಿ. ಮೋಡ ಬಂದರೆ ಅಥವಾ ಬಿಸಿಲು ಇಳಿದರೆ ಮಾತ್ರ ಮತ್ತೆ ಬದಲಾಯಿಸಿ.